ಚಪ್ಲಿಯ ದರ: ಹರಳಯ್ಯನಿಂದ ನಮ್ಮ ಓಣಿಯ ತನಕ

ಸಂಘದ ವಾರ್ಷಿಕೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡು ಅಂತ ಅಣ್ಣಂದಿರು ಕೇಳಿದಾಗ, ಬಾಬಾಸಾಹೇಬರ ಜೀವನದ ಮೇಲೆ ಬರೀಬೇಕು ಅಂತಲೇ ಕೂತಿದ್ದೆ. ಆದರೆ ಅದನ್ನು ನನಗಿಂತ ಚೆನ್ನಾಗಿ ಬರೆಯುವವರು ಸಂಘದಲ್ಲೇ ನಾಲ್ಕು ಮಂದಿ ಇದ್ದಾರೆ. ನಾನು ಬಿ.ಎ. ಎರಡನೇ ವರ್ಷದಲ್ಲಿ ಇತಿಹಾಸ ಓದುತ್ತಿರುವವಳು, ಮನೆಯಲ್ಲಿ ಚಪ್ಲಿಯ ವೇಣಿ ಹೆಣೆಯುವವಳು. ಹಾಗಾಗಿ ವ್ಯಾಪಾರದ ಬಗ್ಗೆ ಬರೀತೀನಿ. ಸಾಲಿ ಕಲಿತದ್ದು ಕನ್ನಡದಾಗ, ಕಾಲೇಜು ಮರಾಠಿದಾಗ. ಭಾಷೆ ಎಲ್ಲಿಯಾದರೂ ತಪ್ಪಿದರೆ ಓಣಿಯ ಹಿರಿಯರು ಹೊಟ್ಟೆಗೆ ಹಾಕ್ಕೋಬೇಕು.

ಮೊದಲು ನನ್ನ ತಪ್ಪು ಹೇಳಿಬಿಡ್ತೀನಿ. ಹೋದ ವರ್ಷ ಉರುಸಿನ ಮುಂದೆ ನಮ್ಮ ಕಾಕಾ ಒಬ್ಬ ಠೋಕ ವ್ಯಾಪಾರಿಯ ಕಡೆಯಿಂದ ಎರಡು ಚೀಲ ಮಶೀನ್ ಚಪ್ಲಿ ತಂದ. ಮೇಲೆ ನೋಡಿದರೆ ಕೊಲ್ಹಾಪುರಿನೇ, ಬಣ್ಣ ಅದೇ, ಗೊಂಡೆ ಅದೇ. ಒಳಗೆ ಅಟ್ಟೆಯಲ್ಲಿ ಚರ್ಮ ಇರಲಿಲ್ಲ. "ನಿನ್ನ ಅಕ್ಷರ ಚಂದ ಅದಾವ, ಒಂದು ಬೋರ್ಡ್ ಬರಿ" ಅಂದ. ನಾನು ಬರೆದೆ: ಅಸಲಿ ಕೊಲ್ಹಾಪುರಿ, ಪೂರ್ಣ ಚರ್ಮ, ಕೈಕೆಲಸ. ಮರಾಠಿಯಲ್ಲಿ ಒಂದು ಸಾಲು, ಕನ್ನಡದಲ್ಲಿ ಒಂದು ಸಾಲು, ಕೆಂಪು ಬಣ್ಣದಲ್ಲಿ. ಗೊತ್ತಿದ್ದೇ ಬರೆದೆ. ಆ ಬೋರ್ಡಿನ ಮುಂದಿನ ಕಥೆ ಕಡೆಗೆ ಹೇಳ್ತೀನಿ. ಅದು ಆದಮೇಲೆ ನನಗೆ ಒಂದು ಪ್ರಶ್ನೆ ಹತ್ತಿಕೊಂಡಿತು. ದೇವರು, ಧರ್ಮ, ಶರಣರು, ಬುದ್ಧ ಅಂತ ಜಯಂತಿ ದಿನ ಎಷ್ಟೆಲ್ಲ ಮಾತಾಡ್ತೀವಿ. ಅವರ್ಯಾರಾದರೂ ಅಂಗಡಿಯ ಬಗ್ಗೆ, ದರದ ಬಗ್ಗೆ, ಮೋಸದ ಬಗ್ಗೆ ಏನಾದರೂ ಹೇಳಿದ್ದಾರೋ? ಹೇಳಿದ್ದರೆ ಅದು ನಮ್ಮಂಥವರಿಗೆ ಹೇಳಿದ್ದೋ?

ವ್ಯಾಪಾರದ ಧರ್ಮ ಅನ್ನುವ ಮಾತು ನಮ್ಮ ಭಾಗಕ್ಕೆ ಹೊಸದಲ್ಲ. 12ನೇ ಶತಮಾನದಲ್ಲಿ ಮಿರಜ, ಕೊಲ್ಹಾಪುರ ಎರಡೂ ಶಿಲಾಹಾರ ಅರಸರ ಕೈಯಲ್ಲಿದ್ದವು. ಆ ಕಾಲದ ಇಲ್ಲಿಯ ಶಾಸನಗಳು ಕನ್ನಡದಲ್ಲಿವೆ. ಇದನ್ನು ಕಾಲೇಜಿನಲ್ಲಿ ಹೇಳಿದರೆ ಗೆಳತಿಯರು ನಂಬೋದಿಲ್ಲ. ಆ ಶಾಸನಗಳಲ್ಲಿ ವೀರಬಣಂಜಿಗರು ಬರುತ್ತಾರೆ. ಅಯ್ಯಾವೊಳೆ ಅಂದರೆ ಈಗಿನ ಐಹೊಳೆ, ಅಲ್ಲಿಯ ಐನೂರ್ವರು ಅನ್ನುವ ದೊಡ್ಡ ವ್ಯಾಪಾರಿ ಸಂಘದವರು ಅವರು. ತಾವು ಬಣಂಜು ಧರ್ಮ ಕಾಯುವವರು ಅಂತ ಅವರು ಕಲ್ಲಿನ ಮೇಲೆ ದೊಡ್ಡ ಬಿರುದು ಬರೆಸಿಕೊಂಡರು. ಮಾಲಿನ ಮೇಲೆ ಒಂದಿಷ್ಟು ತೆರಿಗೆ ತಾವೇ ಹಾಕಿಕೊಂಡು ಗುಡಿಗೆ, ಬಸದಿಗೆ ಬಿಟ್ಟರು. ಅಂದರೆ ಸಂಘ ಕಟ್ಟೋದು, ವರ್ಗಣಿ ಎತ್ತೋದು, ನಿಯಮ ಮಾಡೋದು, ಇದೆಲ್ಲ ಇಲ್ಲಿಯ ವ್ಯಾಪಾರಿಗಳಿಗೆ ಒಂಬೈನೂರು ವರ್ಷದ ರೂಢಿ. ಆದರೆ ಆ ಸಂಘದೊಳಗೆ ಚಪ್ಲಿ ಹೊಲಿಯುವವನಿಗೆ ಜಾಗ ಇತ್ತು ಅಂತ ನನಗೆ ಅನ್ನಿಸೋದಿಲ್ಲ. ಗುಡಿಗೆ ದಾನ ಕೊಟ್ಟದ್ದು ಕಲ್ಲಿನ ಮೇಲೆ ಉಳಿಯಿತು, ಆ ಗುಡಿಯೊಳಗೆ ಯಾರು ಹೋಗಬಾರದಿತ್ತು ಅನ್ನೋದನ್ನು ಕಲ್ಲಿನ ಮೇಲೆ ಬರೆಯುವ ಗರಜೇ ಇರಲಿಲ್ಲ.

ಅದೇ ಶತಮಾನದಲ್ಲಿ ಇನ್ನೊಂದು ಗುಂಪು ಎದ್ದಿತು. ಜತ್ತ ದಾಟಿ ಮುಂದೆ ಹೋದರೆ ಮಂಗಳವೇಢೆ ಬರುತ್ತದಲ್ಲ, ಅದು ಕಳಚುರಿ ಬಿಜ್ಜಳನ ಊರು. ಬಸವಣ್ಣ ಅಲ್ಲಿಯೇ ಭಂಡಾರದಲ್ಲಿ ಕರಣಿಕನಾಗಿ ಕೆಲಸಕ್ಕೆ ಸೇರಿದ ಅಂತ ಹೇಳುತ್ತಾರೆ. ಕರಣಿಕ ಅಂದರೆ ಲೆಕ್ಕ ಬರೆಯುವವನು. ಈಗಿನ ಮಾತಿನಲ್ಲಿ ಅಕೌಂಟಂಟ್. ನಮ್ಮ ಓಣಿಯಲ್ಲಿ ಬಿ.ಕಾಂ. ಓದುವ ತಮ್ಮಂದಿರು ಇದನ್ನು ನೆನಪಿಡಬೇಕು. ಮುಂದೆ ಕಲ್ಯಾಣದಲ್ಲಿ, ಬಸವಣ್ಣ ಅರಸನ ಭಂಡಾರದ ಹಣ ಜಂಗಮರಿಗೆ ಸುರಿಯುತ್ತಾನೆ ಅಂತ ಚಾಡಿ ಹೇಳಿದವರಿದ್ದರು. ಭಂಡಾರ ತೆಗೆಸಿ ಎಣಿಸಿದರೆ ಒಂದು ಕಾಸೂ ಕಡಿಮೆ ಇರಲಿಲ್ಲ ಅನ್ನುತ್ತದೆ ಕಥೆ. ಪುರಾಣದವರು ಇದನ್ನು ಪವಾಡ ಅಂತ ಹಾಡಿದರು. ನನಗೆ ಮಾತ್ರ ಅದು ಲೆಕ್ಕ ಶುದ್ಧ ಇಟ್ಟವನ ಕಥೆಯಾಗಿಯೇ ಕಾಣುತ್ತದೆ. ಬಸವಣ್ಣ ನಿಜವಾಗಿ ಇದ್ದನೋ ಇಲ್ಲವೋ ಅಂತ ಕೇಳುವವರಿಗೆ ಒಂದು ಮಾತು: ನಮ್ಮ ಬಾಜೂಕಿನ ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿನ ಅರ್ಜುನವಾಡದಲ್ಲಿ 1260ರ ಒಂದು ಶಾಸನ ಇದೆ, ಅದರಲ್ಲಿ ಬಸವಣ್ಣನ ಹೆಸರಿದೆ. ಉಳಿದ ಶರಣರ ಕಥೆಗಳು ಹೆಚ್ಚಾಗಿ ನಂತರದ ಪುರಾಣ, ಶೂನ್ಯಸಂಪಾದನೆಗಳಲ್ಲಿ ಬಂದವು. ಅವನ್ನು ಹಾಗೆಯೇ ನಡೆದ ಸಂಗತಿ ಅಂತ ನಾನು ಹೇಳುವುದಿಲ್ಲ. ಆದರೆ ಜನ ಐದಾರು ನೂರು ವರ್ಷ ಯಾವ ಕಥೆಯನ್ನು ಮರೆಯದೆ ಇಟ್ಟುಕೊಂಡರು ಅನ್ನೋದೂ ಇತಿಹಾಸವೇ.

ಆ ಕಥೆಗಳನ್ನು ವ್ಯಾಪಾರದ ಕಣ್ಣಿನಿಂದ ಓದಿ ನೋಡ್ರಿ, ಬೇರೆನೇ ಕಾಣುತ್ತವೆ.

ನುಲಿಯ ಚಂದಯ್ಯ ಹಗ್ಗ ಹೊಸೆಯುವವನು. ಕೆರೆಯಲ್ಲಿ ಹುಲ್ಲು ಕೊಯ್ಯುವಾಗ ಅವನ ಕೊರಳಿನ ಲಿಂಗ ನೀರಿಗೆ ಬಿತ್ತು. ಎತ್ತಿಕೊಳ್ಳದೆ ಹೊರಟ, ಕೆಲಸ ಇತ್ತು. ಲಿಂಗವೇ ಹಿಂದೆ ಬಂತು. ಹಾಗಿದ್ದರೆ ನೀನೂ ದುಡಿ ಅಂತ ಹಗ್ಗ ಮಾರುವ ಕೆಲಸ ಕೊಟ್ಟ. ಲಿಂಗ ಹಗ್ಗ ತಗೊಂಡು ಬಸವಣ್ಣನ ಕಡೆ ಹೋಯಿತು, ಬಸವಣ್ಣ ಭಕ್ತಿಯಿಂದ ಒಂದು ಹಗ್ಗಕ್ಕೆ ಹೊನ್ನಿನ ರಾಶಿಯನ್ನೇ ಕೊಟ್ಟ. ಚಂದಯ್ಯನಿಗೆ ಸಿಟ್ಟು ಬಂತು. ಹಗ್ಗದ ದರ ಎಷ್ಟೋ ಅಷ್ಟು ತಗೊಂಡು ಉಳಿದದ್ದು ತಿರುಗಿ ಕೊಟ್ಟು ಬಾ ಅಂದ. ನೋಡ್ರಿ, ಇಲ್ಲಿ ಗಿರಾಕಿ ತಾನೇ ಖುಷಿಯಿಂದ ಹೆಚ್ಚು ಕೊಟ್ಟಿದ್ದಾನೆ, ಮೋಸವೇನಿಲ್ಲ. ಆದರೂ ಚಂದಯ್ಯನಿಗೆ ಅದು ಒಪ್ಪಿಗೆ ಇಲ್ಲ. ದೇವರಿಗೂ ದರ ತಪ್ಪಿಸಲು ಪರವಾನಗಿ ಇಲ್ಲ.

ಆಯ್ದಕ್ಕಿ ಲಕ್ಕಮ್ಮನ ಕಥೆ ನಮ್ಮ ಅವ್ವಂದಿರಿಗೆ ಹೆಚ್ಚು ಗೊತ್ತು. ಗಂಡ ಮಾರಯ್ಯ ಬಸವಣ್ಣನ ಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವವನು. ಒಂದು ದಿನ ದಿನಕ್ಕಿಂತ ಹೆಚ್ಚು ತಂದ. ಲಕ್ಕಮ್ಮ ಒಲೆ ಹಚ್ಚಲಿಲ್ಲ. ಇವತ್ತಿಗೆ ಬೇಕಾದಷ್ಟೇ ನಮ್ಮದು, ಉಳಿದದ್ದು ಅಲ್ಲಿಯೇ ಸುರಿದು ಬಾ ಅಂತ ಗಂಡನನ್ನು ಹೊರಗೆ ಕಳಿಸಿದಳು. ಅಂದರೆ ಮನೆಯೊಳಗೆ ಬರುವ ಗಳಿಕೆ ಶುದ್ಧವೋ ಅಲ್ಲವೋ ಅಂತ ಕೇಳುವ ಅಧಿಕಾರ ಮನೆಯ ಹೆಂಗಸಿನ ಕೈಯಲ್ಲಿತ್ತು. ನಮ್ಮ ಮನೆಗಳಲ್ಲಿ ಈ ಪ್ರಶ್ನೆಯನ್ನು ಎಷ್ಟು ಮಂದಿ ಕೇಳ್ತೀವಿ? ನಾನಂತೂ ಕೇಳಲಿಲ್ಲ, ಬೋರ್ಡ್ ಬರೆದುಕೊಟ್ಟೆ.

ಇನ್ನು ಹರಳಯ್ಯ. ಸಮಗಾರ ಮನೆಗಳಲ್ಲಿ ಅವನ ಫೋಟೋ ಇಲ್ಲದ ಗೋಡೆ ಕಡಿಮೆ. ದಾರಿಯಲ್ಲಿ ಹರಳಯ್ಯ ಬಸವಣ್ಣನಿಗೆ ಶರಣು ಅಂದ. ಬಸವಣ್ಣ ತಿರುಗಿ ಶರಣು ಶರಣಾರ್ಥಿ ಅಂದ. ಒಂದಕ್ಕೆ ಎರಡು ಬಂತು. ಹರಳಯ್ಯನಿಗೆ ಇದು ಸಾಲ ಅನ್ನಿಸಿತು. ಆ ಸಾಲ ತೀರಿಸಲು ಗಂಡ ಹೆಂಡತಿ ತಮ್ಮ ತೊಡೆಯ ಚರ್ಮ ತೆಗೆದು ಬಸವಣ್ಣನಿಗೆ ಪಾದರಕ್ಷೆ ಮಾಡಿದರು. ಬಸವಣ್ಣ ಅದನ್ನು ಮೆಟ್ಟಲಿಲ್ಲ, ತಲೆಯ ಮೇಲೆ ಹೊತ್ತ. ಸಣ್ಣಾಕಿ ಇದ್ದಾಗ ಈ ಕಥೆ ಕೇಳಿ ಅಳುತ್ತಿದ್ದೆ. ಈಗ ಓದಿದರೆ ಸಿಟ್ಟೂ ಬರುತ್ತದೆ. ಒಂದು ನಮಸ್ಕಾರಕ್ಕೆ ತಿರುಗಿ ನಮಸ್ಕಾರ ಸಿಕ್ಕರೆ ಅದನ್ನು ಸಾಲ ಅಂತ ತಿಳಿಯಬೇಕಾದಷ್ಟು ಮರ್ಯಾದೆಯ ಬರ ಯಾರಿಗಿತ್ತು? ಮೇಲಿನ ಜಾತಿಯ ಯಾರಿಗೂ ಇರಲಿಲ್ಲ. ಅವರಿಗೆ ದಿನಕ್ಕೆ ನೂರು ನಮಸ್ಕಾರ ಬರುತ್ತಿತ್ತು, ಒಂದಕ್ಕೂ ಲೆಕ್ಕ ಇಟ್ಟಿರಲಿಲ್ಲ. ಮುಂದೆ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಶರಣ ಮಧುವರಸನ ಮಗಳಿಗೂ ಮದುವೆ ಆಯಿತು. ಬಿಜ್ಜಳ ಇಬ್ಬರು ತಂದೆಯರನ್ನೂ ಚಿತ್ರಹಿಂಸೆ ಕೊಟ್ಟು ಕೊಲ್ಲಿಸಿದ. ಕಲ್ಯಾಣ ಹೊತ್ತಿ ಉರಿಯಿತು. ಚಪ್ಲಿಯನ್ನು ತಲೆಯ ಮೇಲೆ ಹೊತ್ತದ್ದನ್ನು ಊರು ಸಹಿಸಿತು. ಚಪ್ಲಿ ಮಾಡುವವನ ಮನೆಗೆ ಹೆಣ್ಣು ಕೊಟ್ಟದ್ದನ್ನು ಸಹಿಸಲಿಲ್ಲ.

ಕಾಯಕವೇ ಕೈಲಾಸ ಅನ್ನುವ ಮಾತನ್ನು ಈಗ ಬ್ಯಾಂಕಿನ ಗೋಡೆಯ ಮೇಲೆ, ಸಹಕಾರಿ ಸಂಘದ ಕ್ಯಾಲೆಂಡರಿನ ಮೇಲೆ ಬರೆಸುತ್ತಾರೆ. ಒಳ್ಳೆಯದೇ. ಆದರೆ ಶರಣರ ಕಥೆಗಳಲ್ಲಿ ಕಾಯಕಕ್ಕೆ ಎರಡು ಕೈ ಇದ್ದವು. ಮಾಡುವವನು ಹೆಚ್ಚು ತಗೊಳ್ಳಬಾರದು ಅನ್ನೋದು ಒಂದು ಕೈ. ಕೊಳ್ಳುವವನು ಆ ಕೆಲಸವನ್ನೂ ಆ ಮನುಷ್ಯನನ್ನೂ ತಲೆಯ ಮೇಲೆ ಹೊರಬೇಕು ಅನ್ನೋದು ಎರಡನೆಯ ಕೈ. ನಮಗೆ ಎಂಟುನೂರು ವರ್ಷ ಉಪದೇಶ ಮಾಡಿದ್ದು ಮೊದಲನೆಯದನ್ನು ಮಾತ್ರ.

ಇದು ಮುತ್ಯಾನ ಮಾತಿನಿಂದ ನನಗೆ ಹೊಳೆದದ್ದು. ಮುತ್ಯಾನ ಅಪ್ಪ ಅಥಣಿ ಕಡೆಯ ಒಂದು ಹಳ್ಳಿಯಲ್ಲಿ ಬಲುತೆಗೆ ದುಡಿದವನು. ಬಲುತೆ ಅಂದರೆ ಈಗಿನ ಹುಡುಗರಿಗೆ ಗೊತ್ತಿಲ್ಲ. ಕುಂಬಾರ, ಬಡಿಗ, ಕಮ್ಮಾರ, ಸಮಗಾರ, ಮಹಾರ, ಮಾಂಗ, ಇವರೆಲ್ಲ ವರ್ಷವಿಡೀ ಊರಿಗೆ ಕೆಲಸ ಮಾಡಬೇಕು, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಕಾಳು ಬೇಡಬೇಕು. ರೈತನ ಚಪ್ಲಿ, ನೀರೆತ್ತುವ ಕಪಲಿಯ ಚರ್ಮ, ಬಾರಕೋಲು, ಎಲ್ಲ ಸಮಗಾರನ ಪಾಲಿನ ಕೆಲಸ. "ದರ ಅನ್ನೋ ಮಾತೇ ಇರಲಿಲ್ಲವಾ" ಅಂತಾನೆ ಮುತ್ಯಾ. "ಕೊಟ್ಟಷ್ಟು ತಗೋಬೇಕು. ಕಡಿಮಿ ಆತು ಅಂದ್ರ ಮುಂದಿನ ವರ್ಷ ಕಣದಾಗ ಕಾಲಿಡಬ್ಯಾಡ ಅಂತಿದ್ರು. ಕಾಳು ಮ್ಯಾಲಿಂದ ಸೆರಗಿನಾಗ ಹಾಕೋರು, ಕೈ ತಾಕಬಾರದಲ್ಲ." ಯಾವನಿಗೆ ದರ ಹೇಳುವ ಹಕ್ಕೇ ಇಲ್ಲವೋ ಅವನಿಗೆ ದರ ಹೆಚ್ಚು ಹೇಳಬೇಡ ಅಂತ ಉಪದೇಶ ಮಾಡೋದು ಎಂಥ ಧರ್ಮ? ಚಂದಯ್ಯ ಉಳಿದ ಹೊನ್ನು ತಿರುಗಿ ಕೊಟ್ಟದ್ದು ದೊಡ್ಡತನ ಆಗೋದು, ಇಟ್ಟುಕೊಳ್ಳುವ ಹಕ್ಕೂ ಅವನಿಗಿತ್ತು ಅನ್ನುವ ಕಾರಣಕ್ಕೆ.

ಬಲುತೆಯನ್ನೂ ಮಹಾರ ವತನವನ್ನೂ ಕೊಲ್ಹಾಪುರ ಸಂಸ್ಥಾನದಲ್ಲಿ ಶಾಹೂ ಮಹಾರಾಜರು 1918ರಲ್ಲಿ ರದ್ದು ಮಾಡಿದರು. ಸಾಂಗಲಿ, ಮಿರಜ ಪಟವರ್ಧನರ ಬೇರೆ ಸಂಸ್ಥಾನಗಳು, ಆ ಆದೇಶ ಇಲ್ಲಿಗೆ ಲಾಗೂ ಆಗಲಿಲ್ಲ. 1928ರಲ್ಲಿ ಬಾಬಾಸಾಹೇಬರು ಮುಂಬೈ ವಿಧಾನ ಪರಿಷತ್ತಿನಲ್ಲಿ ವತನ ಕಾನೂನು ಬದಲಿಸುವ ಮಸೂದೆ ತಂದರು. ಸರಿಯಾದ ಕಾನೂನು ಬಂದದ್ದು 1958ರಲ್ಲಿ, ಅವರು ತೀರಿಕೊಂಡ ಮೇಲೆ. ಒಂದು ಪುಕ್ಕಟೆ ದುಡಿತ ನಿಲ್ಲಿಸಲು ನಲವತ್ತು ವರ್ಷ.

ಶಾಹೂ ಮಹಾರಾಜರ ಕಾನೂನುಗಳಿಗಿಂತ ನನಗೆ ಹೆಚ್ಚು ಇಷ್ಟವಾಗುವುದು ಅವರು ಕುಡಿದ ಒಂದು ಕಪ್ ಚಹಾ. ಇದು ನಮ್ಮಿಂದ ರೈಲಿನಲ್ಲಿ ತಾಸಿನ ದಾರಿ ಇರುವ ಕೊಲ್ಹಾಪುರದಲ್ಲಿ ನಡೆದದ್ದು. ಗಂಗಾರಾಮ ಕಾಂಬಳೆ ಅನ್ನುವವರು ಅರಮನೆಯ ಕುದುರೆ ಲಾಯದಲ್ಲಿ ಕೆಲಸಕ್ಕಿದ್ದರು, ಮಹಾರ ಜಾತಿಯವರು. ಮೇಲಿನವರ ನೀರಿನ ಹೌದು ಮುಟ್ಟಿದರು ಅಂತ ಜೊತೆಯ ಆಳುಗಳೇ ಅವರನ್ನು ಚೆನ್ನಾಗಿ ಬಡಿದರು. ಮಹಾರಾಜರು ಆಗ ಊರಲ್ಲಿರಲಿಲ್ಲ. ಬಂದ ಮೇಲೆ ಬಡಿದವರಿಗೆ ಶಿಕ್ಷೆ ಆಯಿತು. ಆಮೇಲೆ ಗಂಗಾರಾಮರಿಗೆ ಹೇಳಿದ್ದು, ಚಾಕರಿ ಬಿಡು, ಸ್ವಂತ ಧಂದೆ ಮಾಡು ಅಂತ. ಭಾವುಸಿಂಗಜಿ ರಸ್ತೆಯಲ್ಲಿ ಚಹಾದ ಹೋಟೆಲ್ ಶುರುವಾಯಿತು. ಹೆಸರು ಸತ್ಯಸುಧಾರಕ ಹೋಟೆಲ್.

ಹೋಟೆಲ್ ಸ್ವಚ್ಛ, ಚಹಾ ಚಲೋ. ಗಿರಾಕಿ ಮಾತ್ರ ಇಲ್ಲ. ಮಹಾರನ ಕೈಯ ಚಹಾ ಯಾರು ಕುಡೀತಾರೆ? ಈಗ ಯಾರಾದರೂ ಪ್ರಾಮಾಣಿಕ ವ್ಯಾಪಾರದ ಬಗ್ಗೆ ಗಂಗಾರಾಮರಿಗೆ ಭಾಷಣ ಮಾಡಿದರೆ ಏನಾಗುತ್ತಿತ್ತು ಯೋಚಿಸಿರಿ. ಹಾಲಿಗೆ ನೀರು ಹಾಕಬೇಡ, ಅಳತೆ ಸರಿ ಇಡು, ಗಿರಾಕಿಯೇ ದೇವರು. ಅವರು ಎಲ್ಲ ಪಾಲಿಸುತ್ತಿದ್ದರು, ಆದರೂ ಸಂಜೆಗೆ ಚಹಾ ಚೆಲ್ಲಬೇಕಾಗುತ್ತಿತ್ತು. ತಪ್ಪಿದ್ದದ್ದು ಮಾರುವವನ ಧರ್ಮ ಅಲ್ಲ, ಕೊಳ್ಳುವವರದು. ಮಹಾರಾಜರಿಗೆ ಇದು ಗೊತ್ತಿತ್ತು. ಅವರು ಪ್ರವಚನ ಇಡಿಸಲಿಲ್ಲ. ಹೋಟೆಲಿನ ಮುಂದೆ ಗಾಡಿ ನಿಲ್ಲಿಸಿ ಚಹಾ ತರಿಸಿದರು, ತಾವು ಕುಡಿದರು, ಜೊತೆಗಿದ್ದ ದೊಡ್ಡ ಮಂದಿಗೂ ಕುಡಿಸಿದರು. ಒಂದು ಸಲ ಅಲ್ಲ, ಮತ್ತೆ ಮತ್ತೆ. ಅರಸನೇ ಕುಡಿದ ಮೇಲೆ ಉಳಿದವರು ಮೂಗು ಮುರಿಯುವುದು ಹೇಗೆ? 1919ರಲ್ಲಿ ಸಾರ್ವಜನಿಕ ಜಾಗಗಳಲ್ಲಿ ಅಸ್ಪೃಶ್ಯತೆ ಪಾಲಿಸಬಾರದು ಅಂತ ಹುಕುಂ ಹೊರಟಿತು, 1920ರ ಮಾರ್ಚಿನಲ್ಲಿ ಮಾಣಗಾವ ಪರಿಷತ್ತಿನಲ್ಲಿ ಅದೇ ಮಹಾರಾಜರು ಯುವಕ ಅಂಬೇಡ್ಕರರನ್ನು ನಿಮ್ಮ ನಾಯಕ ಇವರೇ ಅಂತ ನಮ್ಮ ಜನರಿಗೆ ತೋರಿಸಿದರು. ಅದೆಲ್ಲ ಪುಸ್ತಕದಲ್ಲಿ ದೊಡ್ಡ ಅಕ್ಷರದಲ್ಲಿದೆ. ಚಹಾದ ಬಿಲ್ ಮಾತ್ರ ಯಾರೂ ಬರೆದಿಟ್ಟಿಲ್ಲ.

ಇಲ್ಲೇ ನಮ್ಮ ಮಿರಜಿನ ಒಂದು ಮಾತು ಹೇಳಬೇಕು. ಖ್ವಾಜಾ ಮೀರಾಸಾಹೇಬರ ದರ್ಗಾದ ಉರುಸಿನಲ್ಲಿ ಮೊದಲ ಗಲೇಫ್ ಏರಿಸುವ ಮಾನ ಚರ್ಮಕಾರ ಸಮಾಜದ್ದು. ಊರಿನ ಶ್ರೀಮಂತರದಲ್ಲ, ಸರದಾರರದಲ್ಲ. ಆ ದಿನ ನಮ್ಮ ಓಣಿಯ ಗಂಡಸರು ಹೊಸ ಬಟ್ಟೆ ಹಾಕಿ ಮುಂದೆ ನಡೆಯುತ್ತಾರೆ, ಊರು ಹಿಂದೆ ಬರುತ್ತದೆ. ನನಗೆ ಈ ಪದ್ಧತಿಯ ಮೇಲೆ ಬಹಳ ಪ್ರೀತಿ. ಆದರೆ ಮುತ್ಯಾ ಒಮ್ಮೆ ನಗುತ್ತಾ ಅಂದಿದ್ದ: "ಇವತ್ತು ಮಾನ ಕೊಟ್ಟವರೇ ನಾಳೆ ಅಂಗಡಿಗೆ ಬಂದು ಅರ್ಧ ದರಕ್ಕ ಕೇಳ್ತಾರ." ಮಾನ ವರ್ಷಕ್ಕೊಮ್ಮೆ, ದರ ದಿನಾಲೂ.

ಇನ್ನು ಬುದ್ಧನ ಮಾತು. ನಮ್ಮ ಸಂಘದಲ್ಲಿ ಬೌದ್ಧ ಅಣ್ಣಂದಿರು ಹೆಚ್ಚು, ಅವರ ವಿಹಾರದಲ್ಲಿ ಕೇಳಿ ಕಲಿತದ್ದನ್ನೇ ಹೇಳ್ತೀನಿ. ಅಷ್ಟಾಂಗ ಮಾರ್ಗದಲ್ಲಿ ಸಮ್ಮಾ ಆಜೀವ ಅಂತ ಒಂದಿದೆ, ಸರಿಯಾದ ಜೀವನೋಪಾಯ. ಎಂಟರಲ್ಲಿ ಒಂದನ್ನು ಬುದ್ಧ ಧಂದೆಗೇ ಇಟ್ಟ ಅನ್ನೋದು ಗಮನಿಸಬೇಕು. ಗೃಹಸ್ಥರು ಮಾಡಬಾರದ ಐದು ವ್ಯಾಪಾರ ಅಂತ ಹೇಳಿದ: ಆಯುಧ, ಜೀವಿಗಳ ಮಾರಾಟ, ಮಾಂಸ, ಮದ್ಯ, ವಿಷ. ಮದ್ಯ, ವಿಷದ ಬಗ್ಗೆ ನಮ್ಮ ಓಣಿಯಲ್ಲಿ ಹೇಳಬೇಕಾದ್ದು ಬಹಳ ಇದೆ. ಗುಟಕಾ ಪಾಕೀಟಿನ ಮಾಲೆ ಯಾರ ಅಂಗಡಿಯಲ್ಲಿ ತೂಗುತ್ತದೆ ಎಲ್ಲರಿಗೂ ಗೊತ್ತು. ಮಾಂಸದ ಮಾತು ಬಂದಾಗ ಮಾತ್ರ ನನಗೆ ಕಷ್ಟ. ಮಾಂಸದ ಅಂಗಡಿ ಇಲ್ಲದಿದ್ದರೆ ಚರ್ಮ ಎಲ್ಲಿಂದ? ಚರ್ಮ ಇಲ್ಲದಿದ್ದರೆ ನಮ್ಮ ಮನೆ ಎಲ್ಲಿಂದ? ಬಾಬಾಸಾಹೇಬರು ತಮ್ಮ ಬುದ್ಧ ಮತ್ತು ಆತನ ಧಮ್ಮ ಗ್ರಂಥದಲ್ಲಿ ಕೊಲ್ಲುವ ಅಗತ್ಯ ಬೇರೆ, ಕೊಲ್ಲುವ ಇಚ್ಛೆ ಬೇರೆ ಅಂತ ವಿವರಿಸಿದ್ದಾರೆ. ಅದು ನನಗೆ ಸ್ವಲ್ಪ ಸಮಾಧಾನ ಕೊಟ್ಟಿತು, ಪೂರ್ತಿ ಅಲ್ಲ. ಆಯುಧದ ಮಾತು ಬಂದರೆ ಮಿರಜಿನಲ್ಲೇ ಚಂದದ ಉದಾಹರಣೆ ಇದೆ. ಇಲ್ಲಿಯ ಸಿತಾರ, ತಂಬೂರಿ ಮಾಡುವ ಶಿಕಲಗಾರರು ಮೂಲದಲ್ಲಿ ಕತ್ತಿ, ಭರ್ಚಿಗೆ ಸಾಣೆ ಹಿಡಿಯುವವರು. ರಾಜರ ಯುದ್ಧ ನಿಂತವು, ಕೆಲಸ ಹೋಯಿತು. 19ನೇ ಶತಮಾನದಲ್ಲಿ ಫರೀದಸಾಹೇಬರು ವಾದ್ಯ ರಿಪೇರಿಯಿಂದ ಶುರು ಮಾಡಿ ವಾದ್ಯ ಮಾಡುವ ಮನೆತನವನ್ನೇ ಕಟ್ಟಿದರು. ಬುದ್ಧನ ಮಾತು ಕೇಳಿ ಮಾಡಿದ್ದಲ್ಲ, ಹೊಟ್ಟೆಗಾಗಿ ಮಾಡಿದ್ದು. ಆದರೂ ಕತ್ತಿ ಹೋಗಿ ತಂಬೂರಿ ಬಂತು.

ನನಗೆ ಅದಕ್ಕಿಂತ ಉಪಯೋಗ ಅನ್ನಿಸಿದ್ದು ಬುದ್ಧ ಸಿಗಾಲ ಅನ್ನುವ ಹುಡುಗನಿಗೆ ಹೇಳಿದ ಲೆಕ್ಕ. ಗಳಿಸಿದ್ದನ್ನು ನಾಲ್ಕು ಪಾಲು ಮಾಡು. ಒಂದು ಪಾಲು ಉಣ್ಣು, ಎರಡು ಪಾಲು ಧಂದೆಗೆ ಹಾಕು, ಒಂದು ಪಾಲು ಕಷ್ಟಕಾಲಕ್ಕೆ ಇಡು. ಇದನ್ನು ಅವ್ವನಿಗೆ ಹೇಳಿದೆ. ಅವ್ವ ಅಂದಳು: "ನಾಲ್ಕು ಪಾಲು ಮಾಡಾಕ ಮೊದಲು ಗಳಿಕೆ ಅಷ್ಟು ಇರಬೇಕಲ್ಲವಾ. ನಮ್ಮದು ಉಣ್ಣೋದಕ್ಕ ಎರಡು ಪಾಲು ಸಾಲದು." ಆದರೂ ನಮ್ಮ ಓಣಿಯ ಹೆಂಗಸರ ಭೀಶಿಯಲ್ಲಿ ಆಕೆ ಒಂದು ಕಂತೂ ತಪ್ಪಿಸಿಲ್ಲ. ನನ್ನ ಕಾಲೇಜಿನ ಫೀ ಆ ನಾಲ್ಕನೇ ಪಾಲಿನಿಂದಲೇ ಬಂದದ್ದು.

ಈಗ ಚಪ್ಲಿಯ ಈಗಿನ ಕಾಲಕ್ಕೆ ಬರೋಣ. ಹೆಸರು ಕೊಲ್ಹಾಪುರಿ, ಆದರೆ ಮಾಡುವ ಕೈಗಳು ಗಡಿಯ ಎರಡೂ ಕಡೆ ಇವೆ, ಅಥಣಿ, ನಿಪ್ಪಾಣಿ ಕಡೆ ನೂರಾರು ಮನೆ. ಅಲ್ಲಿ ಮನೆಯೊಳಗೆ ಮಾತು ಕನ್ನಡ, ಮಾರುವ ಹೆಸರು ಮರಾಠಿ. 2019ರಲ್ಲಿ ಸಿಕ್ಕ ಜಿ.ಐ. ಟ್ಯಾಗ್ ಕೂಡ ಎರಡೂ ರಾಜ್ಯಕ್ಕೆ ಸೇರಿ ಸಿಕ್ಕಿತು. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೋಲಾಪುರ. ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಗಡಿ ಜಗಳ ಮಾಡುವವರು ಚಪ್ಲಿ ಬಿಚ್ಚಿ ಒಮ್ಮೆ ನೋಡಿಕೊಳ್ಳಲಿ. ಅಸಲಿ ಚಪ್ಲಿ ಅಂದರೆ ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ಚರ್ಮ, ಪದರದ ಮೇಲೆ ಪದರ ಅಟ್ಟೆ, ಚರ್ಮದ ದಾರದಿಂದಲೇ ಹೊಲಿಗೆ. ಉಳಿ, ರಂಪಿಗೆ ಗಂಡಸರದು. ವೇಣಿ ಹೆಣೆಯೋದು, ಗೊಂಡೆ ಕಟ್ಟೋದು ನಮ್ಮದು. ಆ ಕೆಲಸಕ್ಕೆ ಬೇರೆ ಕೂಲಿ ಅಂತ ಮನೆಯಲ್ಲಿ ಯಾರೂ ಹಿಡಿಯೋದಿಲ್ಲ, ಲಕ್ಕಮ್ಮ ಇದ್ದಿದ್ದರೆ ಕೇಳುತ್ತಿದ್ದಳೇನೋ.

2025ರ ಜೂನ್ ತಿಂಗಳಲ್ಲಿ ಇಟಲಿಯ ಮಿಲಾನ್ ಪಟ್ಟಣದಲ್ಲಿ ಪ್ರಾಡಾ ಕಂಪನಿಯವರು ನಮ್ಮ ಚಪ್ಲಿಯಂಥದ್ದನ್ನೇ ಹುಡುಗರ ಕಾಲಿಗೆ ಹಾಕಿ ನಡೆಸಿದರು. ಕೊಲ್ಹಾಪುರಿ ಅನ್ನುವ ಹೆಸರು ಹೇಳಲಿಲ್ಲ. ದರ ಲಕ್ಷ ರೂಪಾಯಿಯ ಮೇಲೆ ಅಂತ ಸುದ್ದಿಯಲ್ಲಿ ಬಂತು. ಗದ್ದಲ ಆದ ಮೇಲೆ ಇದು ಭಾರತದ ಕೈಕೆಲಸದಿಂದ ಬಂದದ್ದು ಅಂತ ಒಪ್ಪಿಕೊಂಡರು, ಡಿಸೆಂಬರಿನಲ್ಲಿ ನಮ್ಮ ಎರಡು ರಾಜ್ಯಗಳ ಚರ್ಮೋದ್ಯೋಗ ನಿಗಮಗಳಾದ ಲಿಡ್‌ಕಾಮ್, ಲಿಡ್‌ಕರ್ ಜೊತೆ ಒಪ್ಪಂದ ಮಾಡಿಕೊಂಡರು. ನಮ್ಮ ಓಣಿಯಲ್ಲಿ ಆ ವಿಡಿಯೋ ಎಲ್ಲರ ಮೊಬೈಲಿನಲ್ಲೂ ಓಡಿತು. ಎಲ್ಲರಿಗೂ ಸಿಟ್ಟು. ಕಾಕಾ ಮಾತ್ರ ನಕ್ಕ. "ಅವರು ಹೆಸರು ಕದ್ದು ಚರ್ಮದ ಚಪ್ಲಿ ಮಾರಿದ್ರು. ನಾವು ಹೆಸರು ಇಟ್ಟು ರಟ್ಟಿನ ಚಪ್ಲಿ ಮಾರ್ತೀವಿ. ಕಳ್ಳರು ಯಾರು?" ಅಂದ. ಯಾರೂ ಉತ್ತರ ಕೊಡಲಿಲ್ಲ.

ಕಾಕಾ ಕೆಟ್ಟವನಲ್ಲ. ಅವನ ಲೆಕ್ಕ ನಾನೇ ವಹಿಯಲ್ಲಿ ಬರೆದಿದ್ದೇನೆ. ಒಂದು ಜೋಡಿ ಅಸಲಿ ಚಪ್ಲಿಗೆ ಮನೆಯ ಮೂರು ಮಂದಿ ಸೇರಿ ಹತ್ತಿರ ಎರಡು ದಿನ. 2015ರ ಕಾನೂನಿನ ನಂತರ ಎತ್ತಿನ ಚರ್ಮ ಬಂದಾಯಿತು, ಎಮ್ಮೆಯ ಚರ್ಮದ ದರ ಏರಿತು. ಒಂಬೈನೂರು ಅಂದರೆ ಗಿರಾಕಿ ಆರುನೂರಕ್ಕೆ ಕೇಳುತ್ತಾನೆ, ಬಾಜೂಕಿನ ಅಂಗಡಿಯಲ್ಲಿ ಎರಡುನೂರ ಐವತ್ತಕ್ಕೆ ಅದೇ ಬಣ್ಣದ ಮಾಲು ತೋರಿಸುತ್ತಾನೆ. ಅದೇ ಗಿರಾಕಿ ಮಾಲ್‌ನಲ್ಲಿ ಬೂಟಿಗೆ ಮೂರು ಸಾವಿರ ಎಣಿಸುವಾಗ ಬಾಯಿ ತೆರೆಯೋದಿಲ್ಲ. ಕಾಕಾನ ಎರಡು ಮಕ್ಕಳು ಸಾಲಿಗೆ ಹೋಗುತ್ತಾರೆ. ನಾನು ಹರಳಯ್ಯನ ಕಥೆ ಹೇಳಿದರೆ ಅವನು ಕೇಳಿದ್ದು ಇಷ್ಟೇ: "ಹರಳಯ್ಯ ತೊಡಿ ಚರ್ಮ ಕೊಟ್ಟ, ಬಸವಣ್ಣ ತಲಿ ಮ್ಯಾಲ ಹೊತ್ತ. ನನ್ನ ಚಪ್ಲಿ ಹೊರೋರು ಎಲ್ಲದಾರ ತೋರಸು." ಈ ಪ್ರಶ್ನೆ ಸುಳ್ಳಲ್ಲ. ಮೇಲೆ ನಾನು ಹೇಳಿದ ಎರಡನೆಯ ಕೈ ಅದೇ.

ಆದರೆ ಮೊದಲನೆಯ ಕೈಯನ್ನೂ ಬಿಡಲು ಆಗೋದಿಲ್ಲ, ಯಾಕೆಂದರೆ ಮೋಸ ಹೋದದ್ದು ಮೂರು ಸಾವಿರದ ಬೂಟಿನವನಲ್ಲ. ಜತ್ತ ಕಡೆಯ ಒಬ್ಬ ಆಯಿ ಮಿರಜಿಗೆ ದವಾಖಾನೆಗೆ ಬಂದಿದ್ದಳು. ಅವಳೂ ನಮ್ಮ ಹಾಗೆ ಕೂಲಿಯವಳೇ, ಮಾತೂ ನಮ್ಮ ಹಾಗೇ ಕನ್ನಡ. ಬೋರ್ಡಿನ ಕನ್ನಡ ಸಾಲನ್ನು ಬೆರಳು ಹಿಡಿದು ಕೂಡಿಸಿ ಓದಿದಳು, ಗಂಟಿನಿಂದ ಹಣ ಬಿಚ್ಚಿ ಒಂದು ಜೋಡಿ ತಗೊಂಡಳು. ಮಳೆ ಶುರುವಾದ ಮೇಲೆ ಮತ್ತೆ ದವಾಖಾನೆಗೆ ಬಂದಾಗ ಅಂಗಡಿಗೂ ಬಂದಳು. ಅಟ್ಟೆ ನೆನೆದು ಹಪ್ಪಳದ ಹಾಗೆ ಬಿಚ್ಚಿತ್ತು. ಬೈಯಲಿಲ್ಲ. "ಚರ್ಮ ಅಂತ ನೀನೇ ಬರದಿದ್ದೆಲ್ಲವ್ವಾ?" ಅಂತ ನನ್ನನ್ನೇ ಕೇಳಿದಳು. ಕಾಕಾ ಅರ್ಧ ಹಣ ತಿರುಗಿ ಕೊಟ್ಟ. ಆಕೆ ತಗೊಂಡು, ಹರಿದ ಚಪ್ಲಿ ಅಲ್ಲೇ ಬಿಟ್ಟು, ಬರಿಗಾಲಲ್ಲಿ ಸ್ಟ್ಯಾಂಡಿನ ಕಡೆ ನಡೆದಳು. ನಾನು ಕರೆಯಬೇಕಿತ್ತು, ಕರೆಯಲಿಲ್ಲ.

ರಾತ್ರಿ ಮುತ್ಯಾ ಆ ಚಪ್ಲಿಯನ್ನು ರಂಪಿಗೆಯಿಂದ ಸೀಳಿದ. ಒಳಗಿನ ರಟ್ಟಿನ ತುಂಡು ತೆಗೆದು, ಏನೂ ಮಾತಾಡದೆ ನನ್ನ ಇತಿಹಾಸದ ಪುಸ್ತಕದ ಮೇಲೆ ಇಟ್ಟು ಮಲಗಿದ.

ಬೋರ್ಡ್ ಈಗ ಬದಲಾಗಿದೆ. ಒಂದು ಬದಿಗೆ ಮಶೀನ್ ಮಾಲು, ಒಂದು ಬದಿಗೆ ಕೈಕೆಲಸ, ದರ ಬೇರೆ ಬೇರೆ, ಎರಡೂ ನಾನೇ ಬರೆದದ್ದು. ಮಶೀನ್ ಮಾಲಿನ ಮಾರಾಟ ಕಡಿಮೆ ಆಯಿತು ಅಂತ ಕಾಕಾ ವಾರಕ್ಕೆ ಎರಡು ಸಲ ಜಗಳ ತೆಗೆಯುತ್ತಾನೆ. ಕೈಕೆಲಸದ್ದು ಹೆಚ್ಚಾಗಿಲ್ಲ, ಅದೂ ನಿಜ. ಸಂಘದ ಅಣ್ಣಂದಿರಲ್ಲಿ ನನ್ನದೊಂದು ಕೇಳಿಕೆ ಇದೆ. ಈ ವರ್ಷ ಜಯಂತಿ ಮೆರವಣಿಗೆಗೆ ಎಲ್ಲರೂ ಹೊಸ ಚಪ್ಲಿ ತಗೋತೀರಿ. ಓಣಿಯಲ್ಲೇ ಎಂಟು ಮನೆ ಮಾಡುತ್ತವೆ. ದರ ಕೇಳ್ರಿ, ಚರ್ಮ ಮಡಚಿ ನೋಡ್ರಿ, ಸುಳ್ಳು ಕಂಡರೆ ಎಲ್ಲರ ಮುಂದೆ ಬೈರಿ. ಸರಿ ಕಂಡರೆ ಹೇಳಿದ ದರ ಕೊಟ್ಟು ತಗೋರಿ, ಉದ್ರಿ ಬರೆಸಬ್ಯಾಡ್ರಿ.

ಮುತ್ಯಾ ಜತ್ತದ ಆಯಿಗಾಗಿ ಒಂದು ಜೋಡಿ ಮಾಡಿಟ್ಟಿದ್ದಾನೆ. ಬಿಟ್ಟುಹೋದ ಚಪ್ಲಿಯ ಅಳತೆ ತಗೊಂಡು, ಮೂರು ಪದರ ಎಮ್ಮೆ ಚರ್ಮದ ಅಟ್ಟೆ. ವೇಣಿ ನಾನು ಹೆಣೆದೆ. ಆಕೆಯ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಆಕೆ ಎರಡು ಸಲ ಬಂದದ್ದೂ ಮಂಗಳವಾರ. ಮಂಗಳವಾರ ಕಾಲೇಜು ಬಿಟ್ಟ ಮೇಲೆ ನಾನು ಅಂಗಡಿಯಲ್ಲಿ ಕೂಡುತ್ತೇನೆ, ಜತ್ತ ಗಾಡಿ ಹೋಗುವ ತನಕ. ಜೋಡಿ ಮೊಳೆಗೆ ತೂಗುಹಾಕಿದೆ. ನಾಲ್ಕು ಗಿರಾಕಿ ಕೇಳಿದರು, ಮುತ್ಯಾ ಕೊಡಲಿಲ್ಲ.